ಕಲ್ಲಿನ ಸಾಕ್ಷ್ಯ ನಂಬಿದ ರೈಸ್: ಮೈಸೂರಿನ ಚರಿತ್ರೆಯನ್ನು ಹೊಸದಾಗಿ ಬರೆದ ಶಾಸನ ಪಿತಾಮಹ

ಬೆಂಗಳೂರಿನ ಅವೆನ್ಯೂ ರಸ್ತೆಯ ಜನಜಂಗುಳಿಯ ನಡುವೆ ರೈಸ್ ಸ್ಮಾರಕ ಚರ್ಚ್ ಇದೆ. ಪುಸ್ತಕದಂಗಡಿಗಳನ್ನು ಅರಸಿ ಆ ದಾರಿಯಲ್ಲಿ ಸಾಗುವವರಲ್ಲಿ ಕೆಲವರಾದರೂ ಅದನ್ನು ಶಾಸನ ಪಿತಾಮಹ ಬಿ.ಎಲ್. ರೈಸ್ ಅವರ ಸ್ಮಾರಕವೆಂದೇ ಭಾವಿಸುತ್ತಾರೆ. ವಾಸ್ತವವಾಗಿ ಅದು ಅವರ ತಂದೆಯ ಹೆಸರಿನದು. ಮಗನ ಹೆಸರನ್ನು ಉಳಿಸಿರುವುದು ಕಟ್ಟಡವಲ್ಲ, 12 ಸಂಪುಟಗಳ ಒಂದು ಗ್ರಂಥಮಾಲೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಆ ಸಂಪುಟಗಳನ್ನು ತೆರೆಯದೆ ಗಂಗರ ಬಗ್ಗೆಯಾಗಲೀ ಹೊಯ್ಸಳರ ಬಗ್ಗೆಯಾಗಲೀ ಇಂದಿಗೂ ಯಾರೂ ಒಂದು ಅಧ್ಯಾಯ ಬರೆಯಲಾರರು.

ಆದರೆ ರೈಸ್ ಅವರನ್ನು ಕೇವಲ ಶಾಸನ ಸಂಗ್ರಾಹಕರೆಂದು ಕೊಂಡಾಡಿ ಕೈಮುಗಿದುಬಿಡುವುದು ಅವರಿಗೆ ಸಲ್ಲಿಸುವ ಅರ್ಧ ನ್ಯಾಯ ಮಾತ್ರ. ಅವರು ಮೈಸೂರು ಸೀಮೆಯ ಚರಿತ್ರೆಯನ್ನು ಒಂದೂವರೆ ಸಾವಿರ ವರ್ಷ ಹಿಂದಕ್ಕೆ ಚಾಚಿದರು. ಆ ಚಾಚುವಿಕೆಯನ್ನು ಅವರ ಕಾಲದ ಅತ್ಯಂತ ಸಮರ್ಥ ವಿದ್ವಾಂಸರೊಬ್ಬರು ಬಹಿರಂಗವಾಗಿ ಅಲ್ಲಗಳೆದರು. ಒಂದು ರಾಜವಂಶದ ಆರಂಭದ ಶತಮಾನಗಳು ನಿಜವಾಗಿ ಇದ್ದವೇ ಅಥವಾ ತಾಮ್ರಪಟಗಳ ಮೇಲೆ ಕೆತ್ತಿದ ಕಟ್ಟುಕಥೆಯೇ ಎಂಬ ಆ ವಿವಾದ ಹಲವು ದಶಕ ನಡೆಯಿತು. ಅದರಲ್ಲಿ ಇಬ್ಬರೂ ಗೆದ್ದರು, ಇಬ್ಬರೂ ಸೋತರು.

ಬೆಂಜಮಿನ್ ಲೂಯಿ ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿಯೇ, 1837ರ ಜುಲೈ 17ರಂದು. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್‌ನ ಪಾದ್ರಿ. ಅದೇ ವರ್ಷದ ಆರಂಭದಲ್ಲಿ ಬೆಂಗಳೂರಿಗೆ ಬಂದಿಳಿದ ಅವರು 1887ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದರು. ಮನೆಯಲ್ಲಿ ಕನ್ನಡದ ವಾತಾವರಣವಿತ್ತು. ತಂದೆ ಕನ್ನಡದಲ್ಲಿ ಬೋಧಿಸುತ್ತಿದ್ದರು, ಬರೆಯುತ್ತಿದ್ದರು. ತಮ್ಮ ಎಡ್ವರ್ಡ್ ಪೀಟರ್ ರೈಸ್ ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಹೆಸರಾದರು. ಹಿರಿಯ ಮಗ ಓದಿಗಾಗಿ ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಯ ಮುಖ್ಯಸ್ಥರಾಗಿ ಹುಟ್ಟೂರಿಗೆ ಮರಳಿದರು. ಆಗ ಅವರಿಗೆ 23 ತುಂಬಿರಲಿಲ್ಲ ಅಥವಾ ಆಗತಾನೆ ತುಂಬಿತ್ತು.

ಚರಿತ್ರೆ ಅವರ ವೃತ್ತಿಯಾಗಿರಲಿಲ್ಲ. ಅವರು ಶಿಕ್ಷಣ ಇಲಾಖೆಯ ಅಧಿಕಾರಿ. ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆಗಿ, 1868ರ ವೇಳೆಗೆ ಇಲಾಖೆಯ ಹೊಣೆಯನ್ನೇ ಹೊತ್ತರು. ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆ ರೂಪಿಸಿದವರು ಅವರೇ. ರೈತರ ಮಕ್ಕಳಿಗೆ ಕನ್ನಡದಲ್ಲಿ ಅಕ್ಷರ ಕಲಿಸಿದ ಆ ಹೋಬಳಿ ಶಾಲೆಗಳ ಬಗ್ಗೆ ಶಾಸನಗಳ ಗದ್ದಲದಲ್ಲಿ ಮಾತು ಬರುವುದೇ ಕಡಿಮೆ. ಶಾಸನಗಳಷ್ಟೇ ದೊಡ್ಡ ಕೆಲಸ ಅದು.

ಶಾಲೆಗಳ ತನಿಖೆಗೆಂದು ಊರೂರು ತಿರುಗುವ ಅಧಿಕಾರಿಗೆ ಕಲ್ಲುಗಳು ಕಣ್ಣಿಗೆ ಬೀಳದಿರಲು ಸಾಧ್ಯವಿರಲಿಲ್ಲ. ದೇವಸ್ಥಾನದ ಗೋಡೆಯಲ್ಲಿ, ಕೆರೆಯ ಏರಿಯ ಮೇಲೆ, ಊರಬಾಗಿಲಲ್ಲಿ, ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ನಿಂತಿದ್ದವು. ಊರವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಅಕ್ಷರದ ಕಲ್ಲು ಎಂದರೆ ನಿಧಿಯ ಸುಳಿವು ಎಂಬ ನಂಬಿಕೆ ಮಾತ್ರ ಗಟ್ಟಿಯಾಗಿತ್ತು. ಆ ನಂಬಿಕೆಗೆ ಬಲಿಯಾಗಿ ಒಡೆದುಹೋದ ಕಲ್ಲುಗಳಿಗೆ ಲೆಕ್ಕವಿಲ್ಲ.

ವಿಲ್ಕ್ಸ್ ನಂತರದ ಶೂನ್ಯ

ಆವರೆಗೆ ಮೈಸೂರಿನ ಚರಿತ್ರೆ ಎಂದರೆ ಮುಖ್ಯವಾಗಿ ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಪ್ರಕಟಿಸಿದ ಸಂಪುಟಗಳು. ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದವರು. ಶ್ರೀರಂಗಪಟ್ಟಣವನ್ನು ಗೆದ್ದವರ ದೃಷ್ಟಿಯಿಂದ ಬರೆದ ಆ ಗ್ರಂಥದ ಜೀವಾಳ ಹೈದರ್ ಮತ್ತು ಟಿಪ್ಪುವಿನ ಕಥೆ. ಅದಕ್ಕೂ ಹಿಂದಿನದು ಒಡೆಯರ ವಂಶಾವಳಿ. ಅದಕ್ಕೂ ಹಿಂದಿನದು ಸ್ಥಳಪುರಾಣ. ತಲಕಾಡಿನ ಗಂಗರ ವಿಷಯದಲ್ಲಿ ವಿದ್ವಾಂಸರ ಕೈಯಲ್ಲಿದ್ದುದು ತಮಿಳಿನ ಒಂದು ಅರಸುಪಟ್ಟಿ ಮಾತ್ರ. ಸಾವಿರ ವರ್ಷಗಳ ಆಳ್ವಿಕೆಗಳು, ದಾನಗಳು, ಕಾಳಗಗಳು, ಕೆರೆಕಟ್ಟೆಗಳು ಅಧಿಕೃತ ಚರಿತ್ರೆಯಿಂದ ಹೊರಗೆ ಉಳಿದಿದ್ದವು.

1872ರಲ್ಲಿ ರೈಸ್ ಮಡಿಕೇರಿಯ ತಾಮ್ರಪಟಗಳನ್ನು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಂಗ ದೊರೆ ಅವಿನೀತನ ಹೆಸರಿನ ಆ ಪಟಗಳಲ್ಲಿ 388 ಎಂಬ ವರ್ಷ ನಮೂದಾಗಿತ್ತು. ಅದನ್ನು ಶಕವರ್ಷವೆಂದು ಗಣಿಸಿದರೆ ಕ್ರಿ.ಶ. 466 ಆಗುತ್ತದೆ. ಕೊಡಗಿನ ಖಜಾನೆಯಲ್ಲಿದ್ದ ತಗಡುಗಳು ಐದನೆಯ ಶತಮಾನದ ಒಂದು ರಾಜ್ಯಕ್ಕೆ ಸಾಕ್ಷಿ ನುಡಿದಂತಾಯಿತು. ಮುಂದೆ ಇದೇ ಪಟಗಳು ಅವರಿಗೆ ಬಹಳ ತೊಂದರೆ ಕೊಟ್ಟವು.

ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ 1865ರಲ್ಲಿ ಮೈಸೂರಿನ ಶಾಸನಗಳ ಛಾಯಾಚಿತ್ರ ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರ ಪಾಲಿಗೆ ಬಂತು. ಅದರ ಫಲವೇ 1879ರ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’. ಅದೇ ಹೊತ್ತಿಗೆ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಸಂಪುಟಗಳೂ ಅವರ ಲೇಖನಿಯಿಂದ ಹೊರಬಿದ್ದವು. ಛಾಯಾಚಿತ್ರ ನೋಡಿ ಓದುವುದರಲ್ಲಿ ತಪ್ಪು ನುಸುಳುತ್ತದೆ, ಕಲ್ಲಿನ ಬಳಿಗೇ ಹೋಗಬೇಕು ಎಂಬುದು ಈ ಅನುಭವದಿಂದ ಸ್ಪಷ್ಟವಾಗಿತ್ತು.

1881ರಲ್ಲಿ ಸಂಸ್ಥಾನ ಮತ್ತೆ ಒಡೆಯರ ವಶಕ್ಕೆ ಬಂತು. 1885ರಲ್ಲಿ ಪುರಾತತ್ವ ಇಲಾಖೆ ಆರಂಭವಾಗಿ ರೈಸ್ ಅದರ ಮುಖ್ಯಸ್ಥರಾದರು. ಮೊದಲಿಗೆ ಇತರ ಹುದ್ದೆಗಳ ಜತೆಗೆ, 1890ರಿಂದ ಪೂರ್ಣಾವಧಿಗೆ. ದೇಶೀ ಸಂಸ್ಥಾನವೊಂದು ತನ್ನ ಗತಕಾಲವನ್ನು ಹುಡುಕಲೆಂದೇ ಇಲಾಖೆ ತೆರೆದುದು ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ. ತಾಲ್ಲೂಕು ತಾಲ್ಲೂಕಾಗಿ, ಹಳ್ಳಿ ಹಳ್ಳಿಯಾಗಿ ಶಾಸನಗಳ ಶೋಧ ನಡೆಯಿತು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ಕೆಲಸದಲ್ಲಿಯೂ, ಹಳಗನ್ನಡ, ಸಂಸ್ಕೃತ, ತಮಿಳು ಪಾಠಗಳನ್ನು ಬಿಡಿಸುವ ಕೆಲಸದಲ್ಲಿಯೂ ಇಲಾಖೆಯ ಪಂಡಿತರ ಪಾಲು ದೊಡ್ಡದು. ಮುಖಪುಟದಲ್ಲಿ ಅಚ್ಚಾದುದು ಒಂದೇ ಹೆಸರು.

1886ರಲ್ಲಿ ಕೊಡಗಿನ ಸಂಪುಟ, 1889ರಲ್ಲಿ ಶ್ರವಣಬೆಳಗೊಳದ ಸಂಪುಟ, ಆನಂತರ ಮೈಸೂರು, ಹಾಸನ, ಕಡೂರು, ಶಿವಮೊಗ್ಗ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೋಲಾರ. 1905ಕ್ಕೆ 12 ಸಂಪುಟ ಮುಗಿದಾಗ ಅಚ್ಚಾದ ಶಾಸನಗಳ ಸಂಖ್ಯೆ 8,869. ಇದರ ನಡುವೆಯೇ ‘ಬಿಬ್ಲಿಯೋತಿಕಾ ಕರ್ನಾಟಿಕಾ’ ಮಾಲೆಯಲ್ಲಿ ಪಂಪಭಾರತ, ಭಟ್ಟಾಕಳಂಕನ ಶಬ್ದಾನುಶಾಸನ, ನಾಗವರ್ಮನ ಭಾಷಾಭೂಷಣ ಮುದ್ರಣ ಕಂಡವು. ತಾಳೆಗರಿಯಲ್ಲಿದ್ದ ಪಂಪ ಅಚ್ಚಿನ ಪುಸ್ತಕವಾಗಿ ಕನ್ನಡಿಗರ ಕೈಗೆ ಬಂದುದು ಹೀಗೆ.

1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳಲ್ಲಿ ಅಶೋಕನ ಶಾಸನಗಳು ಪತ್ತೆಯಾದವು. ಮೌರ್ಯರ ಆಡಳಿತ ಮೈಸೂರಿನ ನೆಲದವರೆಗೆ ಚಾಚಿತ್ತೆಂಬುದಕ್ಕೆ ಅಂಥ ಸಾಕ್ಷ್ಯ ಅದಕ್ಕೆ ಮುನ್ನ ಯಾರ ಬಳಿಯೂ ಇರಲಿಲ್ಲ. ಸುವರ್ಣಗಿರಿಯಲ್ಲಿದ್ದ ರಾಜಪುತ್ರ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆಯದು. ತಂದೆತಾಯಿಯರ ಸೇವೆ ಮಾಡಬೇಕು, ಗುರುವನ್ನು ಗೌರವಿಸಬೇಕು, ಸತ್ಯ ನುಡಿಯಬೇಕು ಎಂಬ ಉಪದೇಶ ಅದರಲ್ಲಿದೆ. ಬ್ರಾಹ್ಮಿಯಲ್ಲಿ ಬರೆದ ಚಪಡ ಎಂಬ ಲಿಪಿಕಾರ, ತನ್ನ ಕಸುಬನ್ನು ಸೂಚಿಸುವ ಕೊನೆಯ ಪದವನ್ನು ಮಾತ್ರ ದೂರದ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ಕೈಗೊಂಡುದಕ್ಕೂ ಈ ಶಾಸನಗಳ ನೆಲೆಯೇ ಆಧಾರ.

ಫ್ಲೀಟ್ ಎತ್ತಿದ ಆಕ್ಷೇಪ

ಜಾನ್ ಫೇತ್‌ಫುಲ್ ಫ್ಲೀಟ್ ಮುಂಬಯಿ ಪ್ರಾಂತ್ಯದ ಸಿವಿಲ್ ಅಧಿಕಾರಿ. ರೈಸ್ ಅವರಿಗಿಂತ ಹತ್ತು ವರ್ಷ ಕಿರಿಯರು. ಉತ್ತರದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿಯೇ ಬರೆದವರು. ಸಂಗೊಳ್ಳಿ ರಾಯಣ್ಣನ ಲಾವಣಿ ಸಂಗ್ರಹಿಸಿದವರೂ ಇವರೇ. ಗುಪ್ತರ ಶಾಸನಗಳನ್ನು ಸಂಪಾದಿಸಿದ ಫ್ಲೀಟ್ ಲಿಪಿಯ ವಯಸ್ಸನ್ನೂ ಪಂಚಾಂಗದ ಲೆಕ್ಕವನ್ನೂ ಒರೆಗೆ ಹಚ್ಚಿ ನೋಡುವ ಕಠಿಣ ಪರೀಕ್ಷಕ.

ರೈಸ್ ಪ್ರಕಟಿಸಿದ ಗಂಗರ ತಾಮ್ರಪಟಗಳ ಮೇಲೆ ಫ್ಲೀಟ್ ಆ ಪರೀಕ್ಷೆಯನ್ನು ಪ್ರಯೋಗಿಸಿದರು. ಐದನೆಯ ಶತಮಾನದವು ಎನ್ನಲಾದ ಪಟಗಳ ಅಕ್ಷರ ಬಹಳ ಮುಂದಿನ ಕಾಲದ್ದು, ಹೇಳಿದ ತಿಥಿ-ವಾರಗಳು ಲೆಕ್ಕಕ್ಕೆ ಕೂಡುವುದಿಲ್ಲ, ಆದ್ದರಿಂದ ಇವು ಕೂಟಶಾಸನಗಳು ಎಂಬುದು ಅವರ ವಾದ. ಅಲ್ಲಿಗೇ ನಿಲ್ಲಲಿಲ್ಲ. ಪಟಗಳಲ್ಲಿರುವ ಆರಂಭದ ವಂಶಾವಳಿಯೇ ಕಲ್ಪಿತ, ಗಂಗರ ನಂಬಬಹುದಾದ ಚರಿತ್ರೆ ಎಂಟನೆಯ ಶತಮಾನದ ಸುಮಾರಿಗೆ ಮೊದಲಾಗುತ್ತದೆ ಎಂದರು. ಅಂದರೆ ಮೈಸೂರಿನ ಚರಿತ್ರೆಯಿಂದ ಸುಮಾರು ನಾಲ್ಕು ಶತಮಾನಗಳನ್ನು ಒಂದೇ ಏಟಿಗೆ ಕಳೆದಂತೆ.

ರೈಸ್ ಒಪ್ಪಲಿಲ್ಲ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕಾಲದಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದವರ ಮನೆಗಳಲ್ಲಿ ಸಿಕ್ಕ ಪಟಗಳು ಒಂದೇ ವಂಶಾವಳಿಯನ್ನು ಹೇಳುವಾಗ ಅದೆಲ್ಲವೂ ಕೂಡಿ ಹೂಡಿದ ಸಂಚಾಗಿರಲು ಹೇಗೆ ಸಾಧ್ಯ ಎಂಬುದು ಅವರ ನಿಲುವು. 1909ರಲ್ಲಿ ಹೊರಬಂದ ‘ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್’ ಗ್ರಂಥದಲ್ಲಿಯೂ ಅವರು ಗಂಗರ ಹಳೆಯ ಪೀಳಿಗೆಗಳನ್ನು ಬಿಟ್ಟುಕೊಡಲಿಲ್ಲ.

ಈ ಜಗಳದ ಒಳಗೆ ಒಂದು ಸೂಕ್ಷ್ಮವಿದೆ. ಕೂಟಶಾಸನವನ್ನು ಹುಟ್ಟಿಸುವವನಿಗೆ ಹೊಟ್ಟೆಪಾಡಿನ ಕಾರಣ ಇರುತ್ತದೆ. ಕೈತಪ್ಪಿದ ಅಥವಾ ಕೈತಪ್ಪಲಿರುವ ಮಾನ್ಯದ ಭೂಮಿಗೆ ಹಳೆಯ ಅರಸನ ದಾನಪತ್ರ ಬೇಕಾದಾಗ ಅಕ್ಕಸಾಲಿಗ ಹಾಗೂ ಪಂಡಿತ ಒಟ್ಟಿಗೆ ಕೂರುತ್ತಾರೆ. ಆದರೆ ಸುಳ್ಳು ದಾನ ಬರೆಯುವವನೂ ಜನ ನಂಬುವ ಅರಸರ ಹೆಸರನ್ನೇ ಬರೆಯಬೇಕು. ದಾನ ಸುಳ್ಳಾದ ಮಾತ್ರಕ್ಕೆ ವಂಶಾವಳಿಯೂ ಸುಳ್ಳಾಗಬೇಕಿಲ್ಲ. ಫ್ಲೀಟ್ ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರು. ರೈಸ್ ಎರಡನ್ನೂ ಒಟ್ಟಿಗೇ ಉಳಿಸಿಕೊಳ್ಳಲು ಹೆಣಗಿದರು.

ಪೆನುಕೊಂಡದಲ್ಲಿ ದೊರೆತ ಮಾಧವನ ತಾಮ್ರಪಟ ತೊಡಕನ್ನು ಬಿಡಿಸಿತು. ಅದರ ಲಿಪಿ ಹಳೆಯದು, ಅದರಲ್ಲಿ ಉಲ್ಲೇಖಗೊಂಡ ಪಲ್ಲವ ದೊರೆಗಳ ಕಾಲ ಬೇರೆ ಆಧಾರದಿಂದಲೂ ತಿಳಿದಿತ್ತು. 1915ರಲ್ಲಿ ಫ್ಲೀಟ್ ಅವರೇ ಅದನ್ನು ಅಸಲಿ ಎಂದು ಒಪ್ಪಿದರು. ಎರಡು ವರ್ಷಗಳ ನಂತರ ತೀರಿಕೊಂಡರು. ಐದನೆಯ ಶತಮಾನದ ಗಂಗರು ಚರಿತ್ರೆಗೆ ಮರಳಿದರು. ಆದರೆ ರೈಸ್ ತಮ್ಮ ವಾದವನ್ನು ಆರಂಭಿಸಿದ ಮಡಿಕೇರಿ ಪಟಗಳನ್ನು ಹೆಚ್ಚಿನ ವಿದ್ವಾಂಸರು ಇಂದು ಅಸಲಿ ಎಂದು ಎಣಿಸುವುದಿಲ್ಲ. 1984ರಲ್ಲಿ ಕೆ.ವಿ. ರಮೇಶ್ ಪಶ್ಚಿಮ ಗಂಗರ ಶಾಸನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದಾಗ ಅಸಲಿ-ನಕಲಿಗಳ ವಿಂಗಡಣೆ ಮತ್ತೊಮ್ಮೆ ನಡೆಯಬೇಕಾಯಿತು. ಗುರಿ ಸರಿಯಿತ್ತು, ಹತ್ತಿದ ಮೆಟ್ಟಿಲು ಸರಿಯಿರಲಿಲ್ಲ.

ಶ್ರವಣಬೆಳಗೊಳದ ವಿಚಾರದಲ್ಲಿ ಜಗಳ ಇನ್ನೂ ದೊಡ್ಡದು. ಚಿಕ್ಕಬೆಟ್ಟದ ಮೇಲೆ ಸುಮಾರು ಕ್ರಿ.ಶ. 600ರ ಶಾಸನವೊಂದಿದೆ. ಬರಗಾಲದ ಮುನ್ಸೂಚನೆ ಪಡೆದ ಜೈನ ಸಂಘ ಉತ್ತರದಿಂದ ದಕ್ಷಿಣಕ್ಕೆ ಬಂದುದನ್ನೂ, ಭದ್ರಬಾಹು ಮತ್ತು ಪ್ರಭಾಚಂದ್ರ ಎಂಬ ಮುನಿಗಳನ್ನೂ ಅದು ಹೆಸರಿಸುತ್ತದೆ. ಪ್ರಭಾಚಂದ್ರನೆಂದರೆ ರಾಜ್ಯ ತೊರೆದು ಬಂದ ಚಂದ್ರಗುಪ್ತ ಮೌರ್ಯನೇ ಎಂದು ರೈಸ್ ಗುರುತಿಸಿದರು. ಸ್ಥಳೀಯ ಪರಂಪರೆಯೂ ಅದನ್ನೇ ಹೇಳುತ್ತಿತ್ತು. ಫ್ಲೀಟ್ ಮತ್ತೆ ಅಡ್ಡ ನಿಂತರು. ಇಲ್ಲಿರುವ ಭದ್ರಬಾಹು ಬೇರೊಬ್ಬ, ಶತಮಾನಗಳ ನಂತರದವನು ಎಂದರು. ಚರಿತ್ರಕಾರ ವಿನ್ಸೆಂಟ್ ಸ್ಮಿತ್ ಮೊದಲು ಈ ಕಥೆಯನ್ನು ತಳ್ಳಿಹಾಕಿ, ಕೊನೆಗೆ 1919ರ ತಮ್ಮ ಗ್ರಂಥದಲ್ಲಿ ಅದರ ಸಾಧ್ಯತೆಯನ್ನು ಒಪ್ಪಿಕೊಂಡರು. ರೈಸ್ ಅವರ ಉತ್ತರಾಧಿಕಾರಿ ಆರ್. ನರಸಿಂಹಾಚಾರ್ 1923ರಲ್ಲಿ ಶ್ರವಣಬೆಳಗೊಳದ ಸಂಪುಟವನ್ನು ಪರಿಷ್ಕರಿಸಿದಾಗ 144 ಇದ್ದ ಶಾಸನಗಳು 500 ಆದವು. ಇಷ್ಟೆಲ್ಲ ಆಧಾರಗಳನ್ನು ತೂಗಿದ ಮೇಲೂ ಪರಂಪರೆಯನ್ನು ತಳ್ಳಿಹಾಕಲು ಅವರಿಗೆ ಸಾಕಷ್ಟು ಕಾರಣ ಕಾಣಲಿಲ್ಲ, ಸಿದ್ಧಪಡಿಸಿ ತೋರಿಸಲೂ ಆಗಲಿಲ್ಲ. ಮೌರ್ಯ ಚಕ್ರವರ್ತಿಯ ಸಾವಿಗೂ ಆ ಶಾಸನಕ್ಕೂ ನಡುವೆ ಸುಮಾರು ಒಂಬೈನೂರು ವರ್ಷಗಳ ಅಂತರವಿದೆ. ಈ ಅಂತರ ತುಂಬುವ ಕಲ್ಲು ಸಿಕ್ಕಿಲ್ಲ.

ಅದೇ ಕಲ್ಲು, ಬೇರೆ ಓದು

ರೈಸ್ ಶಾಸನಗಳಲ್ಲಿ ಮೊದಲು ಹುಡುಕಿದ್ದು ಅರಸರನ್ನು. ವಂಶ, ಪಟ್ಟ, ಯುದ್ಧ, ಗಡಿ, ಧರ್ಮ ಇವೇ ಅವರ ಅಧ್ಯಾಯಗಳು. ಹತ್ತೊಂಬತ್ತನೆಯ ಶತಮಾನದ ಚರಿತ್ರೆಯ ಕ್ರಮವೇ ಅದು. ಆದರೆ ಅವರು ಅಚ್ಚು ಹಾಕಿಸಿದ ಸಾಲುಗಳಲ್ಲಿ ಅರಸರಿಗಿಂತ ಬೇರೆಯವರೇ ಹೆಚ್ಚು.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಬಹುದು. ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಮಡಿದುದನ್ನು ಹೇಳುವ ಕಾರಣಕ್ಕೆ ರಾಜಕೀಯ ಚರಿತ್ರೆಗೆ ಅದು ಅಮೂಲ್ಯ. ಗಂಗ ಬೂತುಗ ಅವನನ್ನು ಕೊಂದ ರೀತಿಯನ್ನು ತಿಳಿಸುವ ಒಂದು ಪದದ ಅರ್ಥ ಹಿಂದುಮುಂದಾದುದರಿಂದ ಹಳೆಯ ಕೆಲವು ಪುಸ್ತಕಗಳಲ್ಲಿ ಬೂತುಗ ವಿಶ್ವಾಸಘಾತಕನಾದ. ಅದು ಆನೆಯ ಅಂಬಾರಿಯ ಮೇಲಿನ ನೇರ ಕಾಳಗ ಎಂಬ ಅರ್ಥ ಬಳಿಕ ನೆಲೆಗೊಂಡಿತು. ಒಬ್ಬ ಅರಸನ ಮಾನ ಒಂದು ಪದದ ಮೇಲೆ ನಿಂತಿತ್ತು. ಇಷ್ಟಾಗಿ ಆ ಕಲ್ಲು ನೆಟ್ಟಿರುವುದು ಅರಸನಿಗಾಗಿ ಅಲ್ಲ, ಕಾಳಿ ಎಂಬ ನಾಯಿಗಾಗಿ. ಯುದ್ಧದಲ್ಲಿ ಮೆರೆದ ಮಣಲೆರ ಬಹುಮಾನವಾಗಿ ಆ ನಾಯಿಯನ್ನೇ ಬೇಡಿ ಪಡೆದ; ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಿತು; ಅದರ ನೆನಪಿನ ಪೂಜೆಗೆ ಭೂಮಿ ಬಿಟ್ಟರು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಇನ್ನೊಂದು ಕಲ್ಲಿದೆ. ತಲಕಾಡಿನಲ್ಲಿ ಗಂಡನಿಗೆ ಮರಣದಂಡನೆಯಾದ ಸುದ್ದಿ ಕೇಳಿ, ತಂದೆತಾಯಿ ತಡೆದರೂ ನಿಲ್ಲದೆ ಬೆಂಕಿಗೆ ಬಿದ್ದ ದೇಕಬ್ಬೆಯ ಕಥೆ ಅದರಲ್ಲಿದೆ. ಸಹಗಮನದ ದಾಖಲೆಯಾಗಿ ಅಚ್ಚಾದ ಪಾಠವನ್ನು ಮುಂದಿನ ತಲೆಮಾರು ಕಾವ್ಯವಾಗಿ ಓದಿತು. ಅದಕ್ಕೂ ಮುಂದಿನವರು ಆ ಹೆಣ್ಣಿಗೆ ಇದ್ದ ಆಯ್ಕೆ ಏನು ಎಂದು ಕೇಳಿದರು. ಬುಕ್ಕರಾಯ 1368ರಲ್ಲಿ ಜೈನರ ಮತ್ತು ಶ್ರೀವೈಷ್ಣವರ ಜಗಳ ಬಿಡಿಸಿದ ಶ್ರವಣಬೆಳಗೊಳದ ಶಾಸನಕ್ಕೂ ಇದೇ ಗತಿ. ಅದು ಮತಸಾಮರಸ್ಯದ ಭಾಷಣಗಳಿಗೆ ಒದಗಿತು. ಜೈನರು ಅರಸನ ಬಳಿ ದೂರು ಕೊಂಡೊಯ್ಯಬೇಕಾದ ಸ್ಥಿತಿ ಬಂದುದೇಕೆ ಎಂಬ ಪ್ರಶ್ನೆಗೂ ಅದೇ ಆಧಾರ.

ಎಂ. ಚಿದಾನಂದಮೂರ್ತಿ 1966ರಲ್ಲಿ ಪ್ರಕಟಿಸಿದ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ, ಷ. ಶೆಟ್ಟರ್ ಅವರು ಶ್ರವಣಬೆಳಗೊಳದ ನಿಸಿದಿಗಳನ್ನು ಆಧರಿಸಿ ಸಲ್ಲೇಖನದ ಬಗ್ಗೆ ಬರೆದ ಗ್ರಂಥಗಳು, ಇವೆಲ್ಲ ರೈಸ್ ಮೊದಲು ಹರಡಿಟ್ಟ ಸಾಮಗ್ರಿಯ ಮೇಲೆಯೇ ಬೆಳೆದವು. ಅವರು ಕೇಳದ ಪ್ರಶ್ನೆಗಳನ್ನು ಕೇಳಿದವು.

ರೈಸ್ ಅವರ ಕೆಲಸಕ್ಕೆ ಮಿತಿಗಳೂ ಇದ್ದವು. ಅವರ ಕರ್ನಾಟಕ ಮೈಸೂರು ಮತ್ತು ಕೊಡಗಿನ ಗಡಿಗೆ ನಿಂತುಬಿಡುತ್ತದೆ. ಬಾದಾಮಿ, ಮಾನ್ಯಖೇಟ, ಕಲ್ಯಾಣ, ಹಂಪಿ ಅವರ ವ್ಯಾಪ್ತಿಯ ಹೊರಗೆ, ಮುಂಬಯಿ, ಹೈದರಾಬಾದು, ಮದರಾಸು ಆಡಳಿತಗಳಲ್ಲಿ ಉಳಿದವು. ಒಡೆದ ನಾಡಿನ ಚರಿತ್ರೆಯೂ ಒಡೆದೇ ಇತ್ತು. ವೇಗದ ಕೆಲಸದಿಂದ ಪಾಠದೋಷಗಳೂ ನುಸುಳಿದವು. ಮೈಸೂರು ವಿಶ್ವವಿದ್ಯಾನಿಲಯ 1970ರ ದಶಕದಿಂದ ಪರಿಷ್ಕೃತ ಸಂಪುಟಗಳನ್ನು ಹೊರತರಬೇಕಾದುದು ಇದೇ ಕಾರಣಕ್ಕೆ.

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿನ ಹ್ಯಾರೋದಲ್ಲಿ ನೆಲೆಸಿದರು. ಓದು ನಿಲ್ಲಲಿಲ್ಲ. ಕೊಡಗಿನ ಸಂಪುಟವನ್ನು ತಾವೇ ಪರಿಷ್ಕರಿಸಿ 1914ರಲ್ಲಿ ಹೊರತಂದರು. ಪೆನುಕೊಂಡದ ಪಟಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ಕ್ಕೆ ಸಂಪಾದಿಸಿಕೊಟ್ಟವರೂ ಅವರೇ. ಆಗ ಅವರಿಗೆ 75 ದಾಟಿತ್ತು. 1927ರ ಜುಲೈ 10ರಂದು, 90 ತುಂಬಲು ಒಂದೇ ವಾರವಿರುವಾಗ ನಿಧನರಾದರು. ಅವರ ಗೆಜೆಟಿಯರಿನ ಸ್ಥಾನಕ್ಕೆ ಸಿ. ಹಯವದನರಾವ್ ಅವರ ಹೊಸ ಗೆಜೆಟಿಯರಿನ ಸಂಪುಟಗಳು ಬರತೊಡಗಿದ್ದೂ ಅದೇ ವರ್ಷ.

ಬೆಂಗಳೂರು ಜಿಲ್ಲೆಯ ಶಾಸನಗಳಿರುವ ಅವರ ಒಂಬತ್ತನೆಯ ಸಂಪುಟ ಹಿಡಿದು ಇಂದು ನಗರದಲ್ಲಿ ಕಲ್ಲುಗಳನ್ನು ಹುಡುಕುವವರಿದ್ದಾರೆ. ಕೆರೆಗಳು ಬಡಾವಣೆಗಳಾಗಿವೆ, ಎಷ್ಟೋ ಕಲ್ಲುಗಳು ತಳಪಾಯ ಸೇರಿವೆ, ರಸ್ತೆಯಡಿ ಹೂತಿವೆ. ಉಳಿದವುಗಳನ್ನು ಮಿಥಿಕ್ ಸೊಸೈಟಿಯ ತಂಡ ಇತ್ತೀಚಿನ ವರ್ಷಗಳಲ್ಲಿ ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುತ್ತ ಬಂದಿದೆ. ಸ್ಕ್ಯಾನ್‌ನಲ್ಲಿ ಮೂಡುವ ಅಕ್ಷರಗಳು ಕೆಲವೆಡೆ ರೈಸ್ ಅಚ್ಚು ಹಾಕಿಸಿದ ಪಾಠದಿಂದ ಬೇರೆಯಾಗಿವೆ. ಕಲ್ಲೇ ಇಲ್ಲವಾದ ಊರುಗಳಲ್ಲಿ, ತಪ್ಪಿರಲಿ ಒಪ್ಪಿರಲಿ, ಅವರ ಪಾಠವೊಂದೇ ಉಳಿದಿದೆ.